ನಾಲ್ಕು ಗಂಟೆಯ ಒಂದು ತುಂಡು

"ಸಿಹಿ ಜಾಸ್ತಿ ತಿಂತೀರಾ?" ಎಂದು ಸರ್ಜನ್ ಕೇಳಿದಾಗ ನಾನು "ಮುಟ್ಟೋದೇ ಇಲ್ಲ ಸಾರ್" ಎಂದೆ. ಅವರು ನನ್ನ ಮುಖ ನೋಡಿದರು, ಅಂಗಿ ಎತ್ತಿದ್ದ ಹೊಟ್ಟೆ ನೋಡಿದರು, ಕೊನೆಗೆ ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ ಬರೆದಿದ್ದನ್ನು ಓದಿದರು. ಅಲ್ಲಿ 'ಸ್ವೀಟ್ ಮಾಸ್ಟರ್' ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಕೆಮ್ಮಿದಳು. ನನಗೆ ರೇಗಿಹೋಯಿತು. ನಾನು ಸುಳ್ಳು ಹೇಳಿರಲಿಲ್ಲ. ಟೀಗೆ ಸಕ್ಕರೆ ಬಿಟ್ಟು ಆರು ವರ್ಷವಾಗಿತ್ತು. ಅಂಗಡಿಯಿಂದ ಮನೆಗೆ ಒಯ್ದ ಡಬ್ಬಿಯನ್ನು ನಾನು ತೆರೆಯುತ್ತಲೂ ಇರಲಿಲ್ಲ. ದಿನವಿಡೀ ಪಾಕದ ಹಬೆಯಲ್ಲಿ ನಿಲ್ಲುವವನಿಗೆ ಸಿಹಿಯ ಆಸೆ ಎಲ್ಲಿಂದ ಬರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಹೊಕ್ಕುಳಿನ ಮೇಲೆ ಒಂದು ಗಂಟು ಎದ್ದಿತ್ತು, ನಿಂಬೆಹಣ್ಣಿನ ಗಾತ್ರದ್ದು. ದೊಡ್ಡ ಬಾಣಲೆಯಲ್ಲಿ ಹಲ್ವ ಮಗುಚುವಾಗ ಹೊರಗೆ ಬರುತ್ತಿತ್ತು, ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಹರ್ನಿಯಾ ಎಂದರು. "ಆಪರೇಷನ್ ಆಗ್ಲೇಬೇಕು. ಆದ್ರೆ ಈ ತೂಕದಲ್ಲಿ ಮಾಡಿದ್ರೆ ಹೊಲಿಗೆ ನಿಲ್ಲಲ್ಲ. ತೊಂಬತ್ತೆಂಟು ಇದೀರಾ. ಎಂಬತ್ತೆಂಟಕ್ಕೆ ಬನ್ನಿ, ಡೇಟ್ ಕೊಡ್ತೀನಿ. ಅಲ್ಲೀವರೆಗೂ ಭಾರ ಎತ್ತೋದು, ಮಗುಚೋದು ಎಲ್ಲಾ ಬಂದ್. ಗಂಟು ಒಳಗೆ ಹೋಗದೆ ನೋವು ಶುರುವಾದ್ರೆ ಮಾತ್ರ ಕಾಯ್ಬೇಡಿ, ಓಡಿ ಬನ್ನಿ" ಎಂದರು. ಅದು ಜುಲೈ ತಿಂಗಳು.

ತುಮಕೂರಿನ ನಮ್ಮ ಅಂಗಡಿಯ ಯಜಮಾನರು ಸುದ್ದಿ ಕೇಳಿ ಗೋಡೆಯ ಕ್ಯಾಲೆಂಡರ್ ಮಗುಚಿ ನೋಡಿದರು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. "ಫೆಬ್ರವರೀಲಿ ರಂಜಾನ್ ಬರುತ್ತೆ ಮಾಸ್ಟ್ರೇ. ಅಷ್ಟರಲ್ಲಿ ನಿಮ್ಮ ಆಪರೇಷನ್ ಮುಗ್ದು ನೀವು ಒಲೆ ಮುಂದೆ ಇರ್ಬೇಕು. ಇಲ್ಲಾಂದ್ರೆ ಬೆಂಗ್ಳೂರಿಂದ ಬೇರೆ ಮಾಸ್ಟರ್‌ನ ಕರ್ಸ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ" ಎಂದರು. ತಪ್ಪು ತಿಳಿದುಕೊಳ್ಳುವಂಥದ್ದೇನೂ ಇರಲಿಲ್ಲ. ನಮ್ಮ ಅಂಗಡಿಗೆ ಹೆಸರು ಬಂದಿದ್ದೇ ರಂಜಾನಿನ ದಮ್ ರೋಟಿನಿಂದ. ಬೂದುಗುಂಬಳ ತುರಿದು, ನೀರು ಹಿಂಡಿ, ತುಪ್ಪ, ಖೋವಾ, ಚಿರೋಟಿ ರವೆ, ಸಕ್ಕರೆ ಸೇರಿಸಿ ಬೇಯಿಸಿ, ಓವನ್ನಿನಲ್ಲಿ ಮೇಲ್ಭಾಗ ಕಂದು ಬಣ್ಣ ಬರುವವರೆಗೆ ಸುಡುವ ಸಿಹಿ ಅದು. ವರ್ಷವಿಡೀ ಮಾಡಿದರೂ ಆ ತಿಂಗಳು ಕುಣಿಗಲ್‌ನಿಂದ, ಗುಬ್ಬಿಯಿಂದ ಜನ ಬಂದು ಕ್ಯೂ ನಿಲ್ಲುತ್ತಾರೆ. ಒಂದು ಸಲ ಬೇರೆ ಮಾಸ್ಟರ್ ಬಂದು ಆ ಒಲೆ ಹಿಡಿದರೆ ಮತ್ತೆ ನನಗೆ ಅದು ಸಿಗುವುದಿಲ್ಲ. ಇಪ್ಪತ್ನಾಲ್ಕು ವರ್ಷ ನಿಂತ ಜಾಗ. ಐವತ್ತೆರಡನೇ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಿ ನಿಲ್ಲಲಿ?

ಹಾಗಾಗಿ ಹಟ ಹಿಡಿದೆ. ದೊಡ್ಡ ಬಾಣಲೆ ಮಗುಚುವುದನ್ನು ಎರಡನೇ ಮಾಸ್ಟರಿಗೆ ಬಿಟ್ಟು ಅಳತೆ, ಪಾಕ, ಕತ್ತರಿಸುವುದು ಮಾತ್ರ ಇಟ್ಟುಕೊಂಡೆ. ಆಸ್ಪತ್ರೆಯ ಡಯೆಟ್ ಮೇಡಂ ಒಂದು ಚಾರ್ಟ್ ಕೊಟ್ಟರು. ಅನ್ನ ಒಂದು ಹೊತ್ತು, ಅದೂ ಒಂದು ಬಟ್ಟಲು. ರಾಗಿ ಮುದ್ದೆ, ಸೊಪ್ಪು, ಮೊಟ್ಟೆ, ಮೀನು, ರಾತ್ರಿ ಎರಡು ಚಪಾತಿ. ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ. ಜೊತೆಗೆ ಒಂದು ನೋಟ್‌ಬುಕ್. "ಬಾಯಿಗೆ ಏನ್ ಹೋದ್ರೂ ಬರೀರಿ. ಒಂದು ಬಿಸ್ಕತ್ ಆದ್ರೂ" ಎಂದರು. ನಾನಿರುವುದು ಗುಬ್ಬಿಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಕೆರೆ ಏರಿಯ ಮೇಲೆ ನಡೆದು, ಸ್ನಾನ ಮಾಡಿ, ಬಸ್ ಹಿಡಿದು ತುಮಕೂರಿಗೆ ಬರುತ್ತಿದ್ದೆ. ಬರೆದಿದ್ದೂ ಬರೆದಿದ್ದೇ. ಮುದ್ದೆ ಒಂದು, ಹುರುಳಿಕಾಳು ಸಾರು, ಟೀ ಮೂರು, ಸಕ್ಕರೆ ಇಲ್ಲ. ಶಾಲೆಯಲ್ಲಿ ಕೂಡ ಅಷ್ಟು ಚೆನ್ನಾಗಿ ಬರೆದವನಲ್ಲ ನಾನು.

ತಿಂಗಳಾದ ಮೇಲೆ ತೂಕ ನೋಡಿದರೆ ತೊಂಬತ್ತೇಳೂವರೆ. ಎರಡನೇ ತಿಂಗಳು ತೊಂಬತ್ತೇಳು ಪಾಯಿಂಟ್ ಒಂಬತ್ತು. ಮೇಡಂ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ, "ಇಷ್ಟೇನಾ? ಏನಾದ್ರೂ ಬಿಟ್ಟಿದೀರಾ?" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. "ನಾನೇನ್ ಕಳ್ಳನಾ ಮೇಡಂ? ಇಷ್ಟು ತಿಂದು ಬದುಕಿರೋದೇ ಹೆಚ್ಚು. ನಿಮ್ಮ ಚಾರ್ಟೇ ಸರಿ ಇಲ್ಲ" ಎಂದು ಕೂಗಾಡಿ ಬಂದೆ. ಅಂಗಡಿಗೆ ಬಂದ ಮೇಲೂ ಬಾಯಿ ನಿಲ್ಲಲಿಲ್ಲ. ಎರಡನೇ ಮಾಸ್ಟರ್ ಬೂಂದಿ ಕರಿಯುತ್ತಿದ್ದವನು ತಲೆಯಾಡಿಸಿದ. ಗುಬ್ಬಿ ಕಡೆಯವನೇ, ನನ್ನದೇ ವಯಸ್ಸು, ನಾನು ಏನು ಹೇಳಿದರೂ ತಲೆಯಾಡಿಸುವ ಸ್ವಭಾವ. ಪ್ಯಾಕಿಂಗ್ ಟೇಬಲ್ಲಿನ ಹೆಂಗಸು ಮಾತ್ರ ಡಬ್ಬಿ ಮಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ಅಮೃತೂರಿನಿಂದ ತುಮಕೂರಿಗೆ ಮದುವೆಯಾಗಿ ಬಂದವಳು. ಹನ್ನೆರಡು ವರ್ಷದಿಂದ ನಮ್ಮಲ್ಲೇ ಕೆಲಸ. ಅವಳ ಬಾಯಿಗೆ ಯಜಮಾನರೇ ಹೆದರುತ್ತಾರೆ.

ಮರುದಿನ ಕೆಲಸ ಮುಗಿಯುವ ಹೊತ್ತಿಗೆ ಅವಳು ಒಂದು ಡಬ್ಬಿಯ ಮುಚ್ಚಳ ತಂದು ನನ್ನ ಮುಂದೆ ಇಟ್ಟಳು. ಒಳಮೈ ತುಂಬ ಪೆನ್ನಿನ ಗೀಟುಗಳು. ನಾಲ್ಕು ಗೀಟು ನಿಂತಿದ್ದು, ಐದನೆಯದು ಅಡ್ಡ. ಎಣಿಸಿದರೆ ನಲವತ್ತಮೂರು.

"ಏನಮ್ಮ ಇದು?"

"ಬೆಳಿಗ್ಗೆಯಿಂದ ನೀವು ಬಾಯಿಗೆ ಹಾಕ್ಕಂಡಿದ್ದು. ಒಂದ್ ಸಲಕ್ಕೆ ಒಂದ್ ಗೀಟು."

"ಅದು ರುಚಿ ನೋಡಿದ್ದು ಕಣಮ್ಮ. ತಿಂದಿದ್ದಲ್ಲ."

"ಹೊಟ್ಟೆಗೆ ಗೊತ್ತಾಯ್ತದಾ ಮಾಸ್ಟ್ರೇ, ಇದು ರುಚಿ ನೋಡಿದ್ದು, ಇದು ತಿಂದಿದ್ದು ಅಂತ? ಜೇನು ಕಿತ್ತೋನು ಕೈ ನೆಕ್ಕದೆ ಬುಡ್ತಾನಾ? ಬುಡಿ ಅತ್ಲಾಗೆ."

ನನಗೆ ನಗು ಬರಲಿಲ್ಲ. ನಮ್ಮ ಕಸುಬಿನಲ್ಲಿ ರುಚಿ ನೋಡುವುದು ಕೆಲಸ, ಊಟವಲ್ಲ. ನನಗೆ ಕಲಿಸಿದ ಉಸ್ತಾದರು ಪಾಕ ಏರುವಾಗ ಒಮ್ಮೆ, ತುಪ್ಪ ಬಿಡುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಎರಡನೇ ಮಾಸ್ಟರ್ ಏನೇ ಮಾಡಿದರೂ "ಮಾಸ್ಟ್ರೇ ನೋಡಿ" ಎಂದು ಸೌಟು ಹಿಡಿದು ಬರುತ್ತಾನೆ. ಮೈಸೂರು ಪಾಕನ್ನೋ ಕೊಬ್ಬರಿ ಮಿಠಾಯಿಯನ್ನೋ ಚೌಕ ಕತ್ತರಿಸುವಾಗ ತಟ್ಟೆಯ ಅಂಚಿನಲ್ಲಿ ಉಳಿಯುವ ಸೊಟ್ಟ ಪಟ್ಟಿ ಮಾಸ್ಟರಿನದು. ಅದು ಯಾರೂ ಬರೆದಿಡದ ರೂಢಿ. ಅದನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಇನ್ನೊಂದು ತಟ್ಟೆಗೆ ಕೈ ಹೋಗಿರುತ್ತದೆ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ದೇವರಾಣೆಗೂ ಹೊಳೆದಿರಲಿಲ್ಲ.

ಅವಳು ಬಿಡಲಿಲ್ಲ. ಮರುದಿನ ಒಂದು ಸ್ಟೀಲ್ ಬಟ್ಟಲು ತಂದು ಒಲೆ ಪಕ್ಕ ಇಟ್ಟಳು. "ಬಾಯಿಗೆ ಹಾಕ್ಕಳದ್ನ ಇದಕ್ಕಾಕಿ" ಎಂದಳು. ಆ ದಿನದಂಥ ದಿನ ಇನ್ನೊಂದಿಲ್ಲ. ಕೈ ಬಾಯಿಯ ತನಕ ಹೋಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ಬಟ್ಟಲಿಗೆ ಬೀಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗ್ಯಾಸ್ ತಗ್ಗಿಸಿದೆ, ಏರಿಸಿದೆ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಎರಡನೇ ಮಾಸ್ಟರಿಗೆ ಕಾರಣವಿಲ್ಲದೆ ಎರಡು ಸಲ ಬೈದೆ. ಸಾಯಂಕಾಲ ಬಟ್ಟಲನ್ನು ಕೌಂಟರಿನ ತಕ್ಕಡಿಯ ಮೇಲೆ ಇಟ್ಟೆವು. ನಾನೂರ ಹತ್ತು ಗ್ರಾಂ. ತುಪ್ಪ ಮತ್ತು ಸಕ್ಕರೆಯ ನಾನೂರ ಹತ್ತು ಗ್ರಾಂ, ದಿನಕ್ಕೆ, ಇಪ್ಪತ್ನಾಲ್ಕು ವರ್ಷ. ತಕ್ಕಡಿಯ ಕೆಂಪು ಅಂಕಿ ನೋಡುತ್ತಾ ನಿಂತಾಗ ನನಗಾದ ನಾಚಿಕೆ ಇಂಥದ್ದೆಂದು ಹೇಳಲಾರೆ. ಮೇಡಂ ಮುಂದೆ ಕೂಗಾಡಿದ್ದು ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ನನ್ನ ಕೂಗಾಟ.

ಮೇಡಂ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಸರಿ, ಇನ್ಮೇಲೆ ಒಂದು ಚೂರೂ ಬೇಡ. ಕಂಪ್ಲೀಟ್ ಸ್ಟಾಪ್" ಎಂದರು. ನಾನೂ ಹೂಂ ಎಂದೆ. ಎರಡು ವಾರ ಒಂದು ಕಾಳೂ ನಾಲಿಗೆಗೆ ಮುಟ್ಟಿಸಲಿಲ್ಲ. ತೂಕ ತೊಂಬತ್ತೈದೂವರೆಗೆ ಇಳಿಯಿತು. ಹೊಟ್ಟೆ ಇಳಿದರೂ ತಲೆ ಕೆಟ್ಟುಹೋಗಿತ್ತು. ಬಸ್ಸಿನಲ್ಲಿ ಕೂತರೆ ಕಾಲು ಅಲ್ಲಾಡುತ್ತಿತ್ತು. ಪಕ್ಕದವರು ಕಡಲೆಮಿಠಾಯಿ ಕಡಿದ ಸದ್ದಿಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಹೆಂಡತಿ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಸಿಹಿಯ ಆಸೆ ಇಲ್ಲದವನು ಎಂದುಕೊಂಡಿದ್ದ ನಾನು ಕೆರೆ ಏರಿಯ ಮೇಲೆ ನಡೆಯುತ್ತಾ ಬಾದುಷಾ ಪದರ ಎಣಿಸುತ್ತಿದ್ದೆ.

ಮೂರನೇ ವಾರ ಕುಣಿಗಲ್‌ನಲ್ಲಿ ಹೆಂಡತಿಯ ಅಣ್ಣನ ಮಗಳ ಮದುವೆ. ಊಟದಲ್ಲಿ ನಾನು ಬಿರಿಯಾನಿಯನ್ನು ಲೆಕ್ಕದಷ್ಟೇ ತಿಂದು ಎದ್ದೆ. ಆಮೇಲೆ, ಯಾವ ಮಾಸ್ಟರ್ ಕೈ ನೋಡೋಣ ಎಂದು ಛತ್ರದ ಹಿಂದೆ ಪಾತ್ರೆ ಇಟ್ಟಿದ್ದ ಕಡೆ ಹೋದೆ. ದಮ್ ರೋಟಿನ ತಟ್ಟೆ ಇತ್ತು. ಒಂದು ತುಂಡು ತೆಗೆದೆ. ನಿಂತೇ ತಿಂದೆ, ಅವಸರದಲ್ಲಿ, ಯಾರಾದರೂ ಬಂದಾರು ಎಂದು ಬಾಗಿಲು ನೋಡುತ್ತಾ. ಏಳು ತುಂಡು ಆಗಿತ್ತು. ರುಚಿ ಹೇಗಿತ್ತು ಎಂದು ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಎಂಟನೆಯದಕ್ಕೆ ಕೈ ಹಾಕಿದಾಗ ಹೊಟ್ಟೆ ಹಿಂಡಿತು. ಗಂಟು ಹೊರಗೆ ಬಂದಿತ್ತು, ಕಲ್ಲಿನ ಹಾಗೆ ಗಟ್ಟಿ. ಒತ್ತಿದೆ. ಹೋಗಲಿಲ್ಲ.

ಹೆಂಡತಿ ಹುಡುಕಿಕೊಂಡು ಬಂದಾಗ ನಾನು ಬೆಂಚಿನ ಮೇಲೆ ಮಂಡಿ ಮಡಚಿ ಮಲಗಿ ಬೆವರುತ್ತಿದ್ದೆ. ಬಾಯಿಯ ಪಕ್ಕ ಖೋವಾ ಮೆತ್ತಿಕೊಂಡಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು. ಗಾಡಿ ಕರೆಸುತ್ತೇನೆ ಎಂದು ಎದ್ದವಳ ಕೈ ಹಿಡಿದೆ. ನನಗೆ ಭಯವಾಗಿತ್ತು. ಸಾಯುವ ಭಯಕ್ಕಿಂತ ಹೀಗೆ ಕದ್ದು ತಿಂದು ಸತ್ತೆ ಎಂದು ಜನ ಹೇಳುವ ಭಯ. ಇಪ್ಪತ್ತು ನಿಮಿಷವಾದ ಮೇಲೆ ಗಂಟು ತಾನಾಗಿ ಒಳಗೆ ಸರಿಯಿತು. ಅಲ್ಲಿಂದ ನೇರ ತುಮಕೂರಿಗೆ ಹೋಗಿ ಆಸ್ಪತ್ರೆಯಲ್ಲಿ ತೋರಿಸಿದೆವು. ಡ್ಯೂಟಿ ಡಾಕ್ಟರು ಈ ಸಲ ಬಚಾವ್ ಎಂದರು.

ಗುಬ್ಬಿ ಬಸ್ಸಿನಲ್ಲಿ ಹೆಂಡತಿ ಬಾಯಿ ತೆರೆದಳು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರಂಜಾನ್‌ನಲ್ಲಿ ಮೂವತ್ತು ದಿನ ಉಪವಾಸ, ರೋಜಾ ಇಟ್ಟುಕೊಂಡು ದಮ್ ರೋಟ್ ಮಾಡ್ತೀರಲ್ಲ. ಆಗ ರುಚಿ ನೋಡ್ತೀರಾ?"

"ಅದೆಂಗೆ ನೋಡ್ತಾರೆ?"

"ಒಂದು ದಿನನಾದ್ರೂ ಕೆಟ್ಟಿದೆಯಾ?"

"ಇಲ್ಲ. ಕಣ್ಣಲ್ಲೇ ಗೊತ್ತಾಗುತ್ತೆ. ತಳ ಬಿಡೋ ಸದ್ದು, ತುಪ್ಪದ ವಾಸನೆ..."

"ಮತ್ತೆ ಈಗ ಯಾಕೆ ಆಗಲ್ಲ?"

ಅವಳೇ ಹೇಳಿದಳು. "ಆಗ ಸಂಜೆ ಸಿಗುತ್ತೆ ಅಂತ ಗೊತ್ತಿರುತ್ತೆ. ಹೊತ್ತು ಗೊತ್ತಿದ್ರೆ ತಡ್ಕೋತೀರಿ. ಈ ಮೇಡಂ ನಿಮಗೆ ರೋಜಾ ಇಡೋಕೆ ಹೇಳಿದಾರೆ, ಬಿಡೋ ಹೊತ್ತು ಹೇಳಿಲ್ಲ. ಅದಕ್ಕೇ ಕದ್ದು ತಿಂದ್ರಿ."

ಬಸ್ಸು ಗುಬ್ಬಿ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ. ಮರುದಿನವೇ ಮೇಡಂ ಮುಂದೆ ಹೋಗಿ ನಿಂತೆ. "ಒಲೆ ಮುಂದೆ ಒಂದು ಚೂರೂ ಬಾಯಿಗೆ ಹಾಕಲ್ಲ. ಆದ್ರೆ ದಿನಕ್ಕೊಂದು ತುಂಡು ನನಗೆ ಬೇಕು. ನಾಲ್ಕು ಗಂಟೆಗೆ. ಕೂತು ತಿಂತೀನಿ. ಅದಕ್ಕೆ ಬದ್ಲು ಏನ್ ಕಮ್ಮಿ ಮಾಡ್ಬೇಕೋ ಹೇಳಿ" ಎಂದೆ. ಅವರು ಪೆನ್ನು ತಿರುಗಿಸುತ್ತಾ ಯೋಚಿಸಿದರು. ಎಷ್ಟು ದೊಡ್ಡ ತುಂಡು ಎಂದು ಕೇಳಿದರು. ನಲವತ್ತು ಗ್ರಾಂ ಎಂದೆ. ರಾತ್ರಿಯ ಎರಡು ಚಪಾತಿಯಲ್ಲಿ ಒಂದನ್ನು ಹೊಡೆದುಹಾಕಿದರು, ಮೂರನೇ ಟೀ ತೆಗೆದರು. "ತಟ್ಟೇಲಿ ಹಾಕ್ಕೊಂಡು, ಕೈಯಲ್ಲಿ ಮೊಬೈಲೂ ಇರ್ಬಾರ್ದು. ಒಂದು ದಿನ ಎರಡು ತುಂಡಾದ್ರೆ ನನಗೆ ಬಂದು ಹೇಳ್ಬೇಕು" ಎಂದರು. ಎರಡಾದರೆ ನನ್ನ ಹೆಂಡತಿಯೇ ಬಂದು ಹೇಳುತ್ತಾಳೆ ಎಂದೆ. ಅವರು ಮೊದಲ ಸಲ ನಕ್ಕರು.

ಅಂಗಡಿಯಲ್ಲಿ ಆ ನಾಲ್ಕು ಗಂಟೆ ಬರುವುದೇ ಇಲ್ಲ. ಎರಡೂವರೆಗೆ ಗಡಿಯಾರ ನೋಡಿದೆ. ಮತ್ತೆ ನೋಡಿದರೆ ಎರಡು ಮುಕ್ಕಾಲು. ಅಂಚಿನ ಪಟ್ಟಿಗಳನ್ನು ಪ್ಯಾಕಿಂಗ್ ಹೆಂಗಸು ನಾನು ಕತ್ತರಿಸಿದ ಕೂಡಲೇ ಎತ್ತಿಕೊಂಡು ಹೋಗಿ ಕೌಂಟರಿನಲ್ಲಿ ಗಿರಾಕಿಗಳಿಗೆ ಸ್ಯಾಂಪಲ್ ಎಂದು ಇಡುತ್ತಿದ್ದಳು. ನನ್ನ ರಾಜ್ಯವನ್ನೇ ಕಿತ್ತುಕೊಂಡ ಹಾಗಾಗುತ್ತಿತ್ತು. ಕೊನೆಗೆ ನಾಲ್ಕಾಯಿತು. ಹಿಂದಿನ ದಿನ ಮಾಡಿದ ದಮ್ ರೋಟಿನ ಒಂದು ತುಂಡನ್ನು ತೂಗಿ, ತಟ್ಟೆಯಲ್ಲಿಟ್ಟು, ಮೈದಾ ಮೂಟೆಯ ಮೇಲೆ ಕೂತು ಬಾಯಿಗಿಟ್ಟೆ.

ಗಂಟಲು ಕೆರೆಯಿತು. ಸಿಹಿ, ಬರೀ ಸಿಹಿ. ಕುಂಬಳ ಎಲ್ಲಿ, ಖೋವಾ ಎಲ್ಲಿ, ಎರಡೂ ಸಕ್ಕರೆಯಡಿ ಮುಳುಗಿಹೋಗಿದ್ದವು. ನಿನ್ನೆ ಅಳತೆ ತಪ್ಪಿತೇನೋ ಎಂದುಕೊಂಡೆ. ಮರುದಿನದ ತುಂಡೂ ಹಾಗೇ ಇತ್ತು. ಮೂರನೇ ದಿನವೂ ಹಾಗೇ. ಆಗ ತಿಳಿಯಿತು. ಇಷ್ಟು ವರ್ಷ ನಾನು ನೋಡುತ್ತಿದ್ದುದು ಸೌಟಿನ ಮೇಲಿನ ಬಿಸಿ ಬಿಸಿ ಚೂರು. ಗಿರಾಕಿ ತಿನ್ನುವುದು ಆರಿದ್ದನ್ನು, ಮಾರನೆಯ ದಿನ, ಮನೆಯಲ್ಲಿ ಕೂತು. ದಿನಕ್ಕೆ ನಲವತ್ತು ಸಲ ಸಕ್ಕರೆ ಮುಟ್ಟಿದ ನಾಲಿಗೆಗೆ ಸಿಹಿ ಸಾಲದು ಅನ್ನಿಸುತ್ತಿತ್ತು, ಕೈ ಒಂದು ಹಿಡಿ ಜಾಸ್ತಿ ಹಾಕುತ್ತಿತ್ತು. ವರ್ಷಕ್ಕೊಂದು ಹಿಡಿ. ಹತ್ತು ಕೆಜಿ ಹಿಂಡಿದ ಕುಂಬಳಕ್ಕೆ ಐದು ಕೆಜಿ ಸಕ್ಕರೆ ಹಾಕು ಎಂದು ಉಸ್ತಾದರು ಕಲಿಸಿದ್ದರು. ನಾನೀಗ ಏಳು ಹಾಕುತ್ತಿದ್ದೆ.

ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ. "ನನ್ನ ದಮ್ ರೋಟ್ ಸಿಹಿ ಜಾಸ್ತಿನಾ?"

"ಹತ್ತು ವರ್ಷದಿಂದ" ಎಂದಳು, ಬಟ್ಟೆ ಮಡಚುತ್ತಾ.

"ಯಾಕೆ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ? 'ಹೆಂಗಿದೆ, ಚೆನ್ನಾಗಿದೆ ಅಲ್ವಾ' ಅಂತೀರಿ. ಅದು ಕೇಳೋದಾ?"

ಆ ರಾತ್ರಿಯ ಒಂದು ಚಪಾತಿಯೂ ಸೇರಲಿಲ್ಲ. ಕೈರುಚಿ ಎಂದು ಊರು ಹೊಗಳಿದ್ದನ್ನು ನಂಬಿಕೊಂಡು ಕೂತಿದ್ದೆನಲ್ಲ ಎಂದು ದುಃಖವಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸಕ್ಕರೆ ಐದು ಕೆಜಿಗೆ ಇಳಿಸುತ್ತೇನೆ ಎಂದಾಗ ಯಜಮಾನರು ಕುರ್ಚಿಯಿಂದ ಎದ್ದರು. "ಏನ್ರೀ ಮಾಸ್ಟ್ರೇ, ತೂಕ ಇಳಿಸ್ಬೇಕಾಗಿರೋದು ನೀವು. ದಮ್ ರೋಟ್ ಏನ್ ಮಾಡ್ತು?" ಎಂದರು. ಅವರಿಗೆ ಒಂದು ತುಂಡು ಕೊಟ್ಟು ಕೂತು ತಿನ್ನಿ ಎಂದೆ. ಅವರು ನಿಂತೇ ತಿಂದು ಚೆನ್ನಾಗೇ ಇದೆ ಎಂದರು. ಕಾಡಿ ಬೇಡಿ ಕೊನೆಗೆ ಐದು ಕೆಜಿ ಲೆಕ್ಕದಲ್ಲಿ ಅರ್ಧ ತಟ್ಟೆ ಮಾಡಿ ಕೌಂಟರಿಗೆ ಇಟ್ಟು ನೋಡಲು ಒಪ್ಪಿಸಿದೆ.

ನಾಲ್ಕನೇ ದಿನ ಕುಣಿಗಲ್‌ನ ಗಿರಾಕಿಯೊಬ್ಬರು ಡಬ್ಬಿಯನ್ನು ವಾಪಸ್ ತಂದು ಕೌಂಟರಿನ ಮೇಲೆ ಕುಕ್ಕಿದರು. ತೆರೆದರೆ ಹುಳಿ ವಾಸನೆ. ಯಜಮಾನರು ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಗಿರಾಕಿ ಹೋದ ಮೇಲೆ ಒಳಗೆ ಒಲೆಗಳಿರುವ ಭಟ್ಟಿಗೆ ಬಂದರು. "ಡಯೆಟ್ ನಿಮ್ದು, ಹಾಳಾಗೋದು ನನ್ ಅಂಗ್ಡಿನಾ? ರಂಜಾನ್‌ನಲ್ಲಿ ಹಿಂಗಾಗಿದ್ರೆ ನಾನು ಮುಖ ಎತ್ಕೊಂಡು ಓಡಾಡ್ಬೇಕಾ? ಬೆಂಗ್ಳೂರ್ ಮಾಸ್ಟರ್ ಹತ್ರ ಮಾತಾಡಿದೀನಿ, ಅವ್ರು ರೆಡಿ ಇದಾರೆ" ಎಂದರು. ಅವರು ಹೇಳಿದ್ದು ನ್ಯಾಯವೇ ಆಗಿತ್ತು.

ತಪ್ಪು ಎಲ್ಲಿ ಎಂದು ನನಗೆ ಆ ಕ್ಷಣವೇ ಗೊತ್ತಾಗಬೇಕಿತ್ತು. ಸಕ್ಕರೆ ಬರೀ ಸಿಹಿಯಲ್ಲ, ಕೆಡದಂತೆ ಕಾಯುವುದೂ ಅದೇ. ಎರಡು ಕೆಜಿ ತೆಗೆದರೆ ಅಷ್ಟು ನೀರನ್ನೂ ತೆಗೆಯಬೇಕು. ಉಸ್ತಾದರು ಕುಂಬಳವನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಸಲ ಹಿಂಡಿಸುತ್ತಿದ್ದರು. ಸಕ್ಕರೆ ಏರಿಸುತ್ತಾ ಬಂದ ನಾನು ಸೋಮಾರಿಯಾಗಿ ಒಂದೇ ಸಲ ಹಿಂಡಿಸುತ್ತಿದ್ದೆ. ಇನ್ನೊಂದು ಸಲ ಅವಕಾಶ ಕೊಡಿ, ಈ ಸಲ ಕೌಂಟರಿಗೆ ಇಡುವುದಿಲ್ಲ, ಮೂರು ತಟ್ಟೆ ಮಾಡಿ ನಾಲ್ಕು ದಿನ ಹೊರಗಿಟ್ಟು ನೋಡುತ್ತೇನೆ ಎಂದೆ. ಯಜಮಾನರು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಸೌಟು ಎಂದಿನಂತೆ ಎರಡನೇ ಮಾಸ್ಟರಿನ ಕೈಯಲ್ಲಿತ್ತು. ನಾನು ಮಗುಚುವಂತಿಲ್ಲ. ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ಹೇಳುವುದು. ಅದು ಎಂಥ ಹಿಂಸೆ ಎಂದು ಸೌಟು ಹಿಡಿದವರಿಗೇ ಗೊತ್ತು. "ತಳ ಕೆರಿ. ಎಡಗಡೆ. ಅಯ್ಯೋ, ಎಡಗಡೆ ಮಾರಾಯ!" ಖೋವಾ ಹಾಕುವ ಮೊದಲು ಕುಂಬಳವನ್ನು ತುಪ್ಪದಲ್ಲೇ ಬಾಣಲೆ ಬಿಡುವವರೆಗೆ ಹುರಿಸಿದೆ. ಒಂದು ತಟ್ಟೆಗೆ ಓವನ್ ಉರಿ ಜೋರು, ಹೊತ್ತು ಕಡಿಮೆ. ಇನ್ನೊಂದಕ್ಕೆ ಉರಿ ಸಣ್ಣದು, ಹೊತ್ತು ದುಪ್ಪಟ್ಟು. ಮೂರನೆಯದು ಇವೆರಡರ ನಡುವೆ.

ನಾಲ್ಕು ಗಂಟೆಗೆ ಮೂರು ತಟ್ಟೆ ತಯಾರಾಗಿ ನಿಂತಾಗ ಎರಡನೇ ಮಾಸ್ಟರ್ ಮೂರರಿಂದಲೂ ಒಂದೊಂದು ತುಂಡು ಕತ್ತರಿಸಿ ಹಿಡಿದ. "ನೋಡಿ ಹೇಳ್ಬುಡಿ ಮಾಸ್ಟ್ರೇ, ಇವತ್ತೇ ಇತ್ಯರ್ಥ ಆಗ್ಲಿ" ಎಂದ. ಬಾಯಲ್ಲಿ ನೀರೂರಿತು. ಕಾರಣವೂ ಎಷ್ಟು ಒಳ್ಳೆಯದು, ಕೆಲಸಕ್ಕಾಗಿ ತಿನ್ನುವುದು. ಇಪ್ಪತ್ನಾಲ್ಕು ವರ್ಷವೂ ಅದೇ ಕಾರಣವಾಗಿತ್ತಲ್ಲ ಎನ್ನಿಸಿತು. ಒಂದನ್ನು ಮಾತ್ರ ತೆಗೆದುಕೊಂಡು, ಉಳಿದವನ್ನು ಮುಚ್ಚಿಡು, ನಾಳೆ ಒಂದು, ನಾಡಿದ್ದು ಒಂದು ಎಂದೆ. ಯಜಮಾನರು ಹೊರಗಿನಿಂದಲೇ, "ಒಂದ್ ದಿನದ್ ಕೆಲ್ಸಕ್ಕೆ ಒಂಬತ್ ದಿನ ಎಳೀತೀರಾ!" ಎಂದು ಕೂಗಿದರು. ನಿಜಕ್ಕೂ ಒಂಬತ್ತು ದಿನ ಹಿಡಿಯಿತು. ಒಂದೊಂದು ತಟ್ಟೆಯನ್ನೂ ಹೊಸದು, ಹಳತು, ಇನ್ನೂ ಹಳತು ಎಂದು ಮೂರು ಸಲ ತಿನ್ನಬೇಕಿತ್ತು, ದಿನಕ್ಕೆ ಒಂದೇ ತುಂಡು. ಆ ಒಂಬತ್ತು ದಿನ ಬೆಂಗಳೂರಿನ ಮಾಸ್ಟರಿನ ಮುಖ, ನಾನು ನೋಡಿರದ ಮುಖ, ಕಣ್ಣ ಮುಂದೆ ಬರುತ್ತಿತ್ತು. ಬೆಳಗಿನ ನಡಿಗೆ ಓಟವಾಗಿಬಿಟ್ಟಿತ್ತು. ಸಣ್ಣ ಉರಿಯ ತಟ್ಟೆ ಐದನೇ ದಿನಕ್ಕೂ ಕೆಡಲಿಲ್ಲ. ಕುಂಬಳದ ರುಚಿ ಕುಂಬಳದ್ದೇ ಆಗಿತ್ತು, ತುಪ್ಪ ಆಮೇಲೆ ಬರುತ್ತಿತ್ತು, ಸಿಹಿ ಕೊನೆಗೆ. ಆ ತುಂಡನ್ನು ಹತ್ತು ನಿಮಿಷ ತಿಂದೆ. ತಿಂದು ಮುಗಿದ ಮೇಲೆ ಖುಷಿಗೆ ಏನು ಮಾಡಬೇಕೋ ತಿಳಿಯದೆ ಎದ್ದು ಹೋಗಿ ಎರಡನೇ ಮಾಸ್ಟರಿನ ಬೆನ್ನಿಗೆ ಗುದ್ದಿದೆ. ಯಜಮಾನರು ಆ ತಟ್ಟೆಯನ್ನು ಕೌಂಟರಿಗೆ ಇಡಲು ಒಪ್ಪಿದರು. ಯಾವ ಡಬ್ಬಿಯೂ ವಾಪಸ್ ಬರಲಿಲ್ಲ.

ಜನವರಿ ಮೊದಲ ವಾರ ತೂಕ ಎಂಬತ್ತೇಳು ಪಾಯಿಂಟ್ ಎಂಟು. ಸರ್ಜನ್ ಮಾತು ಉಳಿಸಿಕೊಂಡರು. ಆಪರೇಷನ್ ಆಯಿತು, ಜಾಲರಿ ಹಾಕಿ ಹೊಲಿದರು. ಮನೆಗೆ ಕಳಿಸುವಾಗ, ಮೂರು ತಿಂಗಳು ಬಾಣಲೆ ಮಗುಚುವಂತಿಲ್ಲ ಎಂದರು. ಮೂರು ತಿಂಗಳು! ರಂಜಾನಿಗೆ ಐದು ವಾರ ಇತ್ತು. ಇಷ್ಟೆಲ್ಲ ಮಾಡಿದ್ದು ಯಾವುದಕ್ಕೋ ಅದೇ ಕೈತಪ್ಪಿತಲ್ಲ ಎಂದು ಮಂಚದ ಮೇಲೆ ಮಲಗಿ ತೊಲೆ ಎಣಿಸಿದೆ. ಯಜಮಾನರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. "ನೋಡೋಣ" ಎಂದು ಇಟ್ಟುಬಿಟ್ಟರು.

ರಂಜಾನಿಗೆ ಎರಡು ದಿನ ಇರುವಾಗ ಅವರೇ ಫೋನ್ ಮಾಡಿ ಬರಹೇಳಿದರು. ಮೆಲ್ಲಗೆ ಬಸ್ ಹತ್ತಿ ನಾಲ್ಕು ಗಂಟೆಯ ಹೊತ್ತಿಗೆ ಹೋದೆ. ಭಟ್ಟಿಯಲ್ಲಿ ಬೆಂಗಳೂರಿನವರು ಯಾರಾದರೂ ಇದ್ದಾರೇನೋ ಎಂದು ಮೊದಲು ಕಣ್ಣು ಓಡಿಸಿದೆ. ಯಾರೂ ಇರಲಿಲ್ಲ. ಒಲೆ ಮುಂದೆ ಎರಡನೇ ಮಾಸ್ಟರ್ ನಿಂತಿದ್ದ. ಹಿಂದಿನ ದಿನ ಅವನೊಬ್ಬನೇ ಮಾಡಿದ ದಮ್ ರೋಟ್ ನಾಲ್ಕು ತಟ್ಟೆ ಆರಿ ನಿಂತಿತ್ತು. ಪಕ್ಕದ ಬಾಣಲೆಯಲ್ಲಿ ರಂಜಾನಿನ ಮೊದಲ ಮಾಲಿಗೆಂದು ನಲವತ್ತು ಕೆಜಿ ಕುಂಬಳ ಹಿಂಡಿ ಇಟ್ಟಿದ್ದರು. ಯಜಮಾನರು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದರು.

"ಕೂತ್ಕಳಿ. ಇವ್ನು ಹೇಳ್ತಾವ್ನೆ, ಮಾಸ್ಟ್ರು ಕುರ್ಚೀಲಿ ಕೂತು ತಿಂದು ಹೇಳಿದ್ರೆ ನಾನು ಮಗುಚ್ತೀನಿ, ಬೇರೆ ಮಾಸ್ಟರ್ ಬಂದ್ರೆ ನಾನು ನಮ್ಮೂರಿಗೆ ಹೋಗ್ತೀನಿ ಅಂತ. ನನಗೂ ಯೋಚ್ನೆ ಮಾಡಿ ಮಾಡಿ ಸಾಕಾಗಿದೆ. ತಿಂದು ಹೇಳ್ರಿ."

ಏನು ಹೇಳಿದರೂ ತಲೆಯಾಡಿಸುತ್ತಿದ್ದವನು ಯಜಮಾನರ ಎದುರು ಇಷ್ಟು ಮಾತಾಡಿದ್ದಾನೆ ಎಂದರೆ ನನಗೆ ನಂಬಲಾಗಲಿಲ್ಲ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಬಾಣಲೆಯ ಅಂಚನ್ನು ಉಜ್ಜುತ್ತಿದ್ದ. ಪ್ಯಾಕಿಂಗ್ ಹೆಂಗಸು ತುಂಡನ್ನು ತೂಗಿ ತಟ್ಟೆಯಲ್ಲಿಟ್ಟು ಕೊಟ್ಟಳು. ಮೂವರೂ ನನ್ನ ಬಾಯಿಯನ್ನೇ ನೋಡುತ್ತಾ ನಿಂತರು.

ಒಂದು ಚೂರು ಮುರಿದು ಬಾಯಿಗಿಟ್ಟೆ. ಚೆನ್ನಾಗಿತ್ತು. ನಾನು ಮುಟ್ಟದೆ ಮಾಡಿದ್ದು, ನನ್ನದಕ್ಕಿಂತ ಒಂದು ಗುಲಗಂಜಿ ಚೆನ್ನಾಗಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಚೂರು. ಏಲಕ್ಕಿ ಮುಂದಕ್ಕೆ ಬರುತ್ತಿತ್ತು. ಕೊನೆಯ ಚೂರಿನ ತನಕ ಅವಸರ ಮಾಡದೆ ತಿಂದೆ. ತೊಡೆಯ ಮೇಲಿದ್ದ ನನ್ನ ಬಲಗೈ ಸೌಟು ಹಿಡಿದು ಮಗುಚುವ ಹಾಗೆ ತನ್ನಷ್ಟಕ್ಕೆ ಸುತ್ತು ಹಾಕುತ್ತಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಂಡೆ.

"ಏಲಕ್ಕಿ ಅರ್ಧ ಕಮ್ಮಿ ಮಾಡು. ಇನ್ನೆಲ್ಲಾ ಸರಿಯಾಗಿದೆ ಕಣಯ್ಯ. ಒಲೆ ಹಚ್ಚು" ಎಂದೆ.

ಎರಡನೇ ಮಾಸ್ಟರ್ ಮುಖ ಎತ್ತಿದ. ಯಜಮಾನರಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ತಟ್ಟೆಯಿಂದ ದೊಡ್ಡ ತುಂಡೊಂದನ್ನು ತಾವೇ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. ಕಂದು ಬಣ್ಣದ ಮೇಲ್ಭಾಗ, ಒಡೆದ ಕಡೆ ತುಪ್ಪ ಹೊಳೆಯುತ್ತಿತ್ತು. "ನಲ್ವತ್ ಕೆಜಿ ಮಾಲು ರೀ. ಇನ್ನೊಂದ್ ತಿಂದು ಗ್ಯಾರಂಟಿ ಮಾಡ್ಕಳಿ. ಬೇಡ್ವಾ?"

"ಬೇಕು ಸಾರ್, ತುಂಬಾ ಬೇಕು" ಎಂದೆ. "ನಾಳೆ ನಾಲ್ಕು ಗಂಟೆಗೆ ಕೊಡಿ."